ಏರು ಬಂದಾಗ ಅವ್ವ ಇಳಿದು ನಡೆದಳು

ನಮಗೆ ಎರಡು ಮನೆಗಳಿದ್ದವು. ಒಂದು ಆಳಂದ ತಾಲ್ಲೂಕಿನ ಮಟಕಿಯಲ್ಲಿ. ಹಾಸುಗಲ್ಲಿನ ಪಡಸಾಲೆ, ಮಣ್ಣಿನ ಮಾಳಿಗೆ, ನಾಲ್ವರು ಸೊಸೆಯಂದಿರು ಒಂದೇ ಒಲೆಯ ಸುತ್ತ ಭುಜಕ್ಕೆ ಭುಜ ತಾಗಿಸಿಕೊಂಡು ರೊಟ್ಟಿ ಬಡಿಯುವ ಅಡುಗೆಮನೆ. ಇನ್ನೊಂದು ಅಪ್ಪನ ಜೀಪಿನ ಹಿಂದೆ. ಎರಡು ಚಕ್ರದ ಟ್ರಾಲಿಯ ಮೇಲೆ ತಗಡಿನ ಗೋಡೆ ಎಬ್ಬಿಸಿ, ತಗಡಿನದೇ ಮಾಡು ಹೊದಿಸಿ, ಹಿಂದೊಂದು ಬಾಗಿಲು, ಎಡಕ್ಕೊಂದು ಕಿಟಕಿ ಇಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕೋಣೆ. ನೀವು ಬೆಳೆದ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಮಟಕಿಯ ಹೆಸರು ಹೇಳಿ ಸುಮ್ಮನಾಗುತ್ತೇನೆ. ಅದು ಸುಳ್ಳೇನಲ್ಲ. ಆದರೆ ಎರಡನೆಯದರ ಮಾತೆತ್ತಲು ನನಗೆ ನಾಚಿಕೆ. ತಗಡಿನ ಕೋಣೆಯಲ್ಲಿ ಇದ್ದೆವಲ್ಲ ಎಂಬ ನಾಚಿಕೆಯಲ್ಲ ಅದು. ಆ ಮನೆಯಿಂದ ನನ್ನ ಅವ್ವನನ್ನು ಹೊರಗೆ ಹಾಕಿದವಳು ನಾನು ಎಂಬ ನಾಚಿಕೆ.

ಅಪ್ಪನದು ಪಂಪಿನ ಮೋಟಾರು ಕಟ್ಟುವ ಕೆಲಸ. ಸುಟ್ಟ ಮೋಟಾರಿನ ಹಳೆಯ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು. ಬೇಸಿಗೆ ಬಂತೆಂದರೆ ಕರೆಂಟು ಸಣ್ಣಗಾಗಿ, ಬಾವಿಯ ನೀರು ತಳ ಕಂಡು, ಅಫಜಲಪುರದ ಕಬ್ಬಿನ ಹೊಲಗಳಲ್ಲಿ, ಜೇವರ್ಗಿ ಕಡೆಯ ತೋಟಗಳಲ್ಲಿ ಒಂದರ ಹಿಂದೊಂದು ಮೋಟಾರು ಸುಡುತ್ತಿದ್ದವು. ಅವರು ಮೋಟಾರು ಹೊತ್ತುಕೊಂಡು ಮಟಕಿಯತನಕ ಬರುವ ಬದಲು ತಾನೇ ಅವರ ಹೊಲಕ್ಕೆ ಹೋದರೆ ಹೇಗೆ ಎಂದು ಅಪ್ಪನಿಗೆ ಹೊಳೆದು ಆ ಕೋಣೆ ಹುಟ್ಟಿತು. ಶಾಲೆಗೆ ಬೇಸಿಗೆ ರಜೆ ಬಿದ್ದ ಮರುದಿನ ಅಪ್ಪ, ಅವ್ವ, ನಾನು ಹೊರಟೆವೆಂದರೆ ಮಳೆಯ ಮೋಡ ಕಂಡ ಮೇಲೆಯೇ ಮಟಕಿಗೆ ತಿರುಗಿ ಬರುವುದು. ಅಪ್ಪನಿಗೆ ತನ್ನ ಮೂಗಿನ ಬಗ್ಗೆ ಬಹಳ ಹೆಮ್ಮೆ. ಸುಟ್ಟ ಮೋಟಾರನ್ನು ಮೂಸಿ ನೋಡಿ, ಇದು ನೀರಿಲ್ಲದೆ ಓಡಿ ಸುಟ್ಟಿದ್ದು, ಇದು ಕರೆಂಟು ಏರಿಳಿದು ಸುಟ್ಟಿದ್ದು ಎಂದು ಹೇಳಿಬಿಡುತ್ತಿದ್ದ. ಹೊಲದವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಊರ ಮೋಟಾರುಗಳ ರೋಗವನ್ನೆಲ್ಲ ಬಲ್ಲ ಅಪ್ಪನಿಗೆ ತನ್ನ ಜೀಪಿನ ರೋಗ ಮಾತ್ರ ಮೂರು ವಾರ ತಿಳಿಯಲಿಲ್ಲ. ತಿಳಿದಿದ್ದವಳು ನಾನೊಬ್ಬಳೇ. ಮೊದಮೊದಲು ನನಗೂ ತಿಳಿದಿರಲಿಲ್ಲ, ಆಮೇಲೆ ತಿಳಿಯಿತು. ತಿಳಿದ ಮೇಲೂ ಬಾಯಿ ಬಿಡಲಿಲ್ಲ.

ಕೋಣೆಯೊಳಗೆ ಬಲಗಡೆಯ ಅರ್ಧ ಅಪ್ಪನದು. ತಂತಿ ಸುತ್ತುವ ಕಬ್ಬಿಣದ ಯಂತ್ರ, ತಾಮ್ರದ ಸುರುಳಿಗಳು, ವಾರ್ನಿಷ್ ಡಬ್ಬಿ. ಎಡಗಡೆಯ ಅರ್ಧ ಅವ್ವನದು. ಸೀಮೆಎಣ್ಣೆ ಸ್ಟವ್, ತವರಿನಿಂದ ತಂದ ಬೀಸುವ ಕಲ್ಲು, ಹಿತ್ತಾಳೆಯ ಕೊಡಗಳು, ಜೋಳದ ಚೀಲ, ಸೀರೆಗಳ ಟ್ರಂಕು. ಮಟಕಿಯಲ್ಲಿ ಉಗ್ರಾಣದ ಕೀಲಿಕೈ ಆಯಿಯ ಸೊಂಟದಲ್ಲಿರುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ಒಂದು ಬೆಲ್ಲದ ಚೂರು ಬೇಕಾದರೂ ಸೊಸೆಯಂದಿರು ಅವಳ ಮುಂದೆ ಹೋಗಿ ನಿಲ್ಲಬೇಕು. ಎಲ್ಲರ ಊಟವಾಗಿ, ಬುಟ್ಟಿಯ ತಳದಲ್ಲಿ ಉಳಿದ ಆರಿದ ರೊಟ್ಟಿ ಅವ್ವನ ಪಾಲಿಗೆ. ತಗಡಿನ ಮನೆಯಲ್ಲಿ ಹಾಗಿಲ್ಲ. ಅಲ್ಲಿ ಮೂವರೂ ಸ್ಟವ್ ಸುತ್ತ ಕುಳಿತು, ಹಂಚಿನಿಂದ ಇಳಿದ ರೊಟ್ಟಿಯನ್ನು ಅಲ್ಲೇ ಮುರಿದು, ಪುಂಡಿಪಲ್ಲೆ, ಶೇಂಗಾ ಹಿಂಡಿಯ ಜೊತೆ ತಿನ್ನುತ್ತಿದ್ದೆವು. ಮೊದಲ ರೊಟ್ಟಿಯನ್ನು ಕೆಲವು ಸಲ ಅವ್ವನೇ ತಿಂದುಬಿಡುತ್ತಿದ್ದಳು. ಕದ್ದು ಹೋಗುವಂಥದ್ದು ಏನೂ ಇಲ್ಲದಿದ್ದರೂ ಬಾಗಿಲಿಗೆ ಒಂದು ಬೀಗ ಹಾಕಿಸಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಎರಡೇ ದಿನ ನಿಲ್ಲುವುದಾದರೂ ಬಾಗಿಲ ಮುಂದಿನ ನೆಲ ಗುಡಿಸಿ ಸಾರಿಸುತ್ತಿದ್ದಳು. ಇದನ್ನು ನೋಡಿ ಒಮ್ಮೆ ಒಬ್ಬ ಹೊಲದ ಹೆಣ್ಣುಮಗಳು ನಕ್ಕಳು.

"ನಾಡಿದ್ದು ಹೋಗೋರು, ಇಷ್ಟ್ಯಾಕ ಸಾರಸ್ತೀರಿ ಯಕ್ಕಾ?"

"ನನ್ನ ಮನಿ ಅಲ್ಲೇನ್ರಿ," ಎಂದಳು ಅವ್ವ.

ಮಟಕಿಯ ಮನೆಯನ್ನು ಅವಳು ಯಾವತ್ತೂ ಹಾಗೆ ಕರೆದದ್ದು ನಾನು ಕೇಳಿಲ್ಲ. ಅದು 'ಇವರ ಮನಿ'.

ಜೀಪಿನ ರೇಡಿಯೇಟರಿಗೆ ದಿನಾ ಬೆಳಿಗ್ಗೆ ನೀರು ಹಾಕುವ ಕೆಲಸ ನನ್ನದು. ಬಂಪರಿನ ಮೇಲೆ ಹತ್ತಿ ನಿಂತು, ಮುಚ್ಚಳ ತಿರುವಿ, ತಂಬಿಗೆಯಿಂದ ನೀರು ಸುರಿದು, ಬಾಯಿತನಕ ಬಂದದ್ದು ಕಂಡ ಮೇಲೆ ಮುಚ್ಚುವುದು. ನನಗಾಗ ಒಂಬತ್ತು ವರ್ಷ. ಮಟಕಿಯಲ್ಲಿ ನನ್ನ ಸರೀಕರಾದ ಗಂಡುಹುಡುಗರಿಗೂ ಇಂಥ ಜವಾಬ್ದಾರಿ ಇರಲಿಲ್ಲ. ನಾನು ಎಷ್ಟು ಮೆರೆಯುತ್ತಿದ್ದೆ ಎಂದರೆ, ನೋಡುವವರು ಯಾರಾದರೂ ಇದ್ದರೆ ಮುಚ್ಚಳವನ್ನು ಬೇಕೆಂದೇ ಎರಡು ಸಲ ತೆಗೆದು ಹಾಕುತ್ತಿದ್ದೆ.

ಆ ಬೇಸಿಗೆ ಹೊರಟ ಮೊದಲ ವಾರದಲ್ಲೇ ರೇಡಿಯೇಟರಿನ ಕೆಳಗೆ ನೀರು ತೊಟ್ಟಿಕ್ಕತೊಡಗಿತು. ಅಫಜಲಪುರದ ದಾರಿಯಲ್ಲಿ ಒಂದು ಚಹಾದ ಹೋಟೆಲಿನ ಮುಂದೆ ಅಪ್ಪ ಬಗ್ಗಿ ನೋಡುತ್ತಿರುವಾಗ ಲಾರಿಯ ಚಾಲಕನೊಬ್ಬ ಬಸಿಯಲ್ಲಿ ಚಹಾ ಹೀರುತ್ತ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ಇದಕ್ಯಾಕ ಗಾಬರಿ ಆಗ್ತೀರಿ? ಒಂದು ಮುಟಿಗಿ ಅರಿಶಿನ ಹಾಕ್ರಿ. ಸಣ್ಣ ತೂತು ತಾನ ಮುಚ್ಚತದ. ನಾ ಹಂಗೇ ಸೊಲ್ಲಾಪುರ ಮುಟ್ಟೇನಿ."

ಅವ್ವ ಮನೆಯಲ್ಲಿ ಕುಟ್ಟಿ ತಂದಿದ್ದ ಅರಿಶಿನದ ಡಬ್ಬಿ ಕೊಟ್ಟಳು. ಅಪ್ಪ ಅಳತೆ ಮಾಡಿ ಒಂದು ಹಿಡಿ ತೆಗೆದು ನನ್ನ ಕೈಗೆ ಸುರಿದ. ಬಂಪರ್ ಹತ್ತಿ ನಾನೇ ಹಾಕಿದೆ. ಅರ್ಧ ತಾಸಿನಲ್ಲಿ ತೊಟ್ಟಿಕ್ಕುವುದು ನಿಂತಿತು. ಹೋಟೆಲಿನವರೆಲ್ಲ ಕೇಳುವಂತೆ ಅಪ್ಪ ಹೇಳಿದ:

"ನಮ್ಮ ಸಂಗೀ ಕೈಗುಣ ನೋಡ್ರಿ! ಆಕಿ ಹಾಕಿದ್ಲು, ನಿಂತೇ ಬಿಡ್ತು."

ಆ ಒಂದು ಮಾತು ನನ್ನ ತಲೆಗೆ ಏರಿತು. ಮರುದಿನ ಬೆಳಿಗ್ಗೆ ನೀರು ಹಾಕುವಾಗ, ಯಾರೂ ಹೇಳದೆ, ಡಬ್ಬಿಯಿಂದ ಒಂದು ಚಿಟಿಕೆ ತಂದು ಹಾಕಿದೆ. ಮೊಣಕಾಲು ತರಚಿದಾಗ ಅವ್ವ ಗಾಯ ಒಣಗುವತನಕ ದಿನಾ ಅರಿಶಿನ ಹಚ್ಚುತ್ತಿದ್ದಳು, ಒಂದೇ ದಿನ ಹಚ್ಚಿ ಬಿಡುತ್ತಿರಲಿಲ್ಲ. ಜೀಪಿನ ಗಾಯಕ್ಕೂ ಹಾಗೆಯೇ ಎಂದು ನನ್ನ ಲೆಕ್ಕ. ಇಷ್ಟೇ ಆಗಿದ್ದರೆ ಹುಡುಗಬುದ್ಧಿ ಎಂದು ಬಿಡಬಹುದಿತ್ತು. ಆದರೆ ಅದರಲ್ಲಿ ಇನ್ನೊಂದು ಆಸೆಯೂ ಇತ್ತು. ಮತ್ತೆ ಸೋರಿದರೆ ನನ್ನ ಕೈಗುಣದ ಮಾತು ಸುಳ್ಳಾಗುತ್ತದೆ, ಅದು ಆಗಬಾರದು. ಚಿಟಿಕೆ ಚಮಚವಾಯಿತು. ಚಮಚ ಮುಷ್ಟಿಯಾಯಿತು. ಎಂಟು ದಿನದಲ್ಲಿ ಡಬ್ಬಿ ಅರ್ಧಕ್ಕೆ ಇಳಿಯಿತು.

"ಸಂಗೀ, ಅರಿಶಿನ ಹಿಂಗ್ಯಾಕ ಇಳಿಯಾಕತ್ತದ? ನೀ ಏನರ ತಗೊಂಡೇನು?"

"ಇಲ್ಲವ್ವಾ."

"ಮತ್ತ ಯಾರು ತಗೋತಾರ? ಇಲ್ಲಿರೋರೇ ಮೂರು ಮಂದಿ."

ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಡಬ್ಬಿಯ ಮುಚ್ಚಳ ಬಿಗಿಮಾಡಿ ಇಟ್ಟಳು. ಬೈಯಲಿಲ್ಲ.

ಜೀಪು ಮೊದಲ ಸಲ ಕುದಿದದ್ದು ಅಫಜಲಪುರ ದಾಟಿದ ಮೇಲೆ. ಮುಂದಿನ ಜಾಲರಿಯಿಂದ ಹಬೆ ಬುಸ್ಸೆಂದಿತು, ಹಳದಿ ನೀರು ರಸ್ತೆಗೆ ಉಕ್ಕಿತು. ತಾನೇ ಅರಿಶಿನ ಹಾಕಿಸಿದ್ದರಿಂದ ಆ ಹಳದಿ ಬಣ್ಣ ಅಪ್ಪನಿಗೆ ವಿಚಿತ್ರವೆನಿಸಲಿಲ್ಲ. ಬಿಸಿಲು ಬಲವಾಗಿದೆ ಎಂದ. ಇನ್ನು ಮೇಲೆ ನಸುಕಿನಲ್ಲೇ ಹೊರಡೋಣ ಎಂದ. ನಸುಕಿನಲ್ಲಿ ಹೊರಟರೂ ಕುದಿಯಿತು. ಫ್ಯಾನಿನ ಬೆಲ್ಟು ಸಡಿಲವಾಗಿದೆ ಎಂದು ಬಿಗಿಮಾಡಿದ. ಆಗಲೂ ಕುದಿಯಿತು. ನೀರಿನ ದಾರಿಯಲ್ಲಿದ್ದ ಒಂದು ಸಣ್ಣ ಬಾಗಿಲು, ಇಂಜಿನ್ ಬಿಸಿಯಾದ ಮೇಲಷ್ಟೇ ತೆರೆಯುವಂಥದ್ದು, ಅದು ತೆರೆಯುತ್ತಿಲ್ಲ ಎಂದು ಕಿತ್ತೇ ಹಾಕಿದ. ಎರಡು ದಿನ ನೆಮ್ಮದಿ, ಮೂರನೆಯ ದಿನ ಮತ್ತೆ ಅದೇ ಹಬೆ. ನಾನೋ, ಪ್ರತಿ ಸಲ ಕುದಿದಾಗಲೂ ಔಷಧ ಸಾಲದಾಯಿತೆಂದು ಮರುದಿನ ಇನ್ನಷ್ಟು ಅರಿಶಿನ ಹಾಕುತ್ತಿದ್ದೆ.

ಒಂದು ಸಂಗತಿಯನ್ನು ಅಪ್ಪ ಸರಿಯಾಗಿಯೇ ಗಮನಿಸಿದ್ದ. ಕೋಣೆಯನ್ನು ಹೊಲದಲ್ಲಿ ಬಿಚ್ಚಿಟ್ಟು, ಬರೀ ಜೀಪಿನಲ್ಲಿ ತಂತಿ ತರಲು ಕಲಬುರಗಿಗೆ ಹೋಗಿಬಂದರೆ ಇಂಜಿನ್ ತಣ್ಣಗಿರುತ್ತಿತ್ತು. ಕೋಣೆ ಕಟ್ಟಿಕೊಂಡು ಏರು ಹತ್ತಿದರೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಅಲ್ಲಿಂದ ಅಪ್ಪ ಹಿಡಿದ ದಾರಿ ಮಾತ್ರ ತಪ್ಪು.

"ಒಂಟಿ ಗಾಡಿ ಓಡಿದ್ರ ಏನೂ ಇಲ್ಲ. ಈ ಮನಿ ಎಳೆದ್ರ ಕುದೀತದ. ಭಾರ ಹೆಚ್ಚಾಗೇದ ಬೇ."

"ಭಾರ ಹೋದ ವರ್ಷನೂ ಇಷ್ಟೇ ಇತ್ತಲ್ರಿ."

"ಗಾಡಿಗೆ ವಯಸ್ಸಾಗ್ತದ. ನಿನ್ನ ಬೀಸೋ ಕಲ್ಲಿಗೆ ಏನ ವಯಸ್ಸಾಗ್ತದ?"

"ನಿಮ್ಮ ಆ ಕಬ್ಬಿಣದ ಮಷಿನ್ ಒಮ್ಮೆ ತೂಗಿ ನೋಡ್ರಿ."

"ಅದು ನಮ್ಮ ಹೊಟ್ಟಿಗೆ ಹಾಕೋದು."

"ಮತ್ತ ಇದು ಎಲ್ಲಿಗೆ ಹಾಕ್ತದ್ರಿ?"

ಮಾತಿನಲ್ಲಿ ಅವ್ವನೇ ಗೆದ್ದಳು. ಆದರೆ ಕಲ್ಲು ಇಳಿಯಿತು. ನಾವು ನಿಂತಿದ್ದ ಹೊಲದ ಕೊಟ್ಟಿಗೆಯ ಮೂಲೆಯಲ್ಲಿ ಅದನ್ನಿಟ್ಟು, ಮುಂಗಾರಿಗೆ ಬಂದು ಒಯ್ಯುತ್ತೇವೆಂದು ಹೇಳಿ ಹೊರಟೆವು. ನಾಲ್ಕು ದಿನದ ಮೇಲೆ ಮತ್ತೆ ಕುದಿಯಿತು. ಆಗ ಹಿತ್ತಾಳೆಯ ಕೊಡಗಳು ಇಳಿದವು. ಆಮೇಲೆ ಜೋಳದ ಚೀಲ. ಆಮೇಲೆ ಟ್ರಂಕು. ಎರಡು ಸೀರೆ ಬಿಟ್ಟು ಉಳಿದವನ್ನೆಲ್ಲ ಅದರಲ್ಲೇ ಮಡಚಿಟ್ಟು, ಪರಿಚಯವೂ ಇಲ್ಲದ ಯಾರದೋ ಮನೆಯ ಅಟ್ಟಕ್ಕೆ ಏರಿಸಿದರು. ಒಂದೊಂದನ್ನು ಇಳಿಸಿದಾಗಲೂ ಅಪ್ಪ ಈಗ ಸರಿಹೋಯಿತು ಎನ್ನುತ್ತಿದ್ದ. ಬಲಗಡೆಯ ಅರ್ಧದಿಂದ ಒಂದು ತಂತಿಯ ಸುರುಳಿಯೂ ಇಳಿಯಲಿಲ್ಲ. ಎಡಗಡೆ ಬಯಲಾಯಿತು. ಅವ್ವ ಆ ಬಯಲಲ್ಲಿ ಸ್ಟವ್ ಇಟ್ಟುಕೊಂಡು, ಊರವರು ಕೊಟ್ಟ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಇಳಿಸಲು ಇನ್ನೇನೂ ಉಳಿಯದೆ ಹೋದಾಗ ಅಪ್ಪ ಅವ್ವನನ್ನೇ ಇಳಿಸಿದ. ಭೀಮಾ ನದಿ ದಾಟಿ ಜೇವರ್ಗಿ ಕಡೆಗೆ ಹೊರಟ ದಿನ ಅದು. ಏರು ಬಂದಲ್ಲಿ ನೀ ಇಳಿದು ನಡಿ, ಮೇಲೆ ಹೋಗಿ ನಿಂತಿರ್ತೇನಿ ಎಂದ. ನಾನೂ ಇಳಿಯಲು ಹೋದೆ.

"ನೀ ಕೂಡು. ನಿಂದೇನ ಭಾರ? ಮುಳ್ಳು ನೋಡಿ ಹೇಳಾಕ ಯಾರರ ಬೇಕಲ್ಲ."

ಹೀಗೆ ನಾನು ಮುಂದಿನ ಸೀಟಿನಲ್ಲಿ, ಅವ್ವನ ಜಾಗದಲ್ಲಿ ಕುಳಿತೆ. ಜೀಪು ನಿಧಾನಕ್ಕೆ ಏರಿತು. ನಾನು ಮುಳ್ಳನ್ನೇ ನೋಡುತ್ತ, ಅರ್ಧಕ್ಕದ ಅಪ್ಪಾ, ಮುಕ್ಕಾಲಿಗೆ ಬಂತು ಅಪ್ಪಾ ಎಂದು ಕೂಗಿ ಹೇಳುತ್ತಿದ್ದೆ. ಬದಿಯ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತಿತ್ತು. ಮೇ ತಿಂಗಳ ಬಿಸಿಲು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಜ್ಜಿಗೆಯ ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ನಡೆದು ಬರುತ್ತಿದ್ದಳು. ಎದುರಿನಿಂದ ಬಂದ ಒಂದು ಟಂಟಂ ಆಟೋದವರು ಅವಳ ಹತ್ತಿರ ನಿಧಾನ ಮಾಡಿ ಏನೋ ಕೇಳಿದರು. ಗಂಡನ ಜೊತೆ ಜಗಳವಾಡಿ ಇಳಿದುಬಂದವಳು ಎಂದುಕೊಂಡರೋ ಏನೋ. ಅವಳು ಕೈಯಾಡಿಸಿ ಕಳಿಸಿದಳು. ಆ ದಿನ ಮೂರು ಏರು ಬಂದವು. ಮೂರನ್ನೂ ಅವಳು ನಡೆದೇ ಹತ್ತಿದಳು.

ಮೂರನೆಯ ಏರಿನ ನೆತ್ತಿಯಲ್ಲಿ ಜೀಪು ಮತ್ತೆ ಕುದಿಯಿತು. ಹಬೆ ನನ್ನ ಮುಖಕ್ಕೆ ಬಡಿಯಿತು, ಬೇಳೆ ಬೇಯುವ ಪಾತ್ರೆಯ ಮುಚ್ಚಳ ತೆಗೆದಂಥ ವಾಸನೆ. ಜಾಲರಿಯ ತುಂಬ ದಪ್ಪ ಹಳದಿ ಅಂಟು. ಆಗ ನನಗೆ ತಿಳಿಯಿತು. ಯಾರೂ ಹೇಳಲಿಲ್ಲ, ತಾನಾಗಿಯೇ ತಿಳಿಯಿತು. ಅವ್ವ ಇನ್ನೂ ಅರ್ಧ ಏರಿನಲ್ಲಿದ್ದಳು, ಅಪ್ಪ ಬಾನೆಟ್ ಎತ್ತಿ ನಿಂತಿದ್ದ. ಅವಳು ಮೇಲೆ ಬಂದು ಮುಟ್ಟುವಷ್ಟು ಹೊತ್ತು ನನ್ನ ಕೈಯಲ್ಲಿತ್ತು. ಅಪ್ಪಾ, ದಿನಾ ಅರಿಶಿನ ಹಾಕಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಅಪ್ಪ ಹೊಡೆಯುತ್ತಾನೆ ಎಂಬ ಹೆದರಿಕೆ ಇದ್ದಿದ್ದರೆ ಇವತ್ತು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಅಪ್ಪ ನನ್ನ ಮೈಮುಟ್ಟಿದವನಲ್ಲ. ನಕ್ಕು ಬಿಟ್ಟುಬಿಡುತ್ತಿದ್ದ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೋಗುತ್ತಿದ್ದದ್ದು ನನ್ನ ಕೈಗುಣದ ಹೆಸರು ಮತ್ತು ಆ ಮುಂದಿನ ಸೀಟು, ಅಷ್ಟೇ. ಅಷ್ಟಕ್ಕಾಗಿ ಬಾಯಿ ಮುಚ್ಚಿಕೊಂಡೆ.

ಜೇವರ್ಗಿಯಲ್ಲಿ ರೇಡಿಯೇಟರ್ ಬೆಸೆಯುವ ಒಬ್ಬ ಮುದುಕನಿದ್ದ. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು. ಅಪ್ಪ ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದ. ಬಿಸಿಲು, ಬೆಲ್ಟು, ಭಾರ. ಚಾಚಾ ತಲೆಯಾಡಿಸುತ್ತ ಕೇಳಿ, ಇಂಜಿನ್ ಚಾಲೂ ಇಡಲು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಬಂದ್ ಮಾಡಿಸಿ, ರೇಡಿಯೇಟರಿನ ಮೇಲೆ ಅಂಗೈ ಹತ್ತಿರ ಹಿಡಿದು ಮೇಲಿಂದ ಕೆಳಗೆ ಸರಿಸಿದ. ಜ್ವರ ಬಂದ ಕೂಸಿನ ಹಣೆ ನೋಡುವವರ ಹಾಗೆ.

"ಇಲ್ಲಿ ಕೈ ಹಿಡೀರಿ. ಸುಡ್ತದಲ್ರಿ? ಇಲ್ಲಿ ಹಿಡೀರಿ. ತಣ್ಣಗದ. ಇಲ್ಲಿ ನೀರು ಬರಾಕತ್ತೇ ಇಲ್ಲ. ಖಾಲಿ ಓಡಿದ್ರ ಗರಂ ಆಗಲ್ಲ, ಎಳೆದ್ರ ಆಗ್ತದ ಅಂದ್ರಿ. ಖಾಲಿ ಇದ್ದಾಗ ಉಳಿದಷ್ಟು ದಾರಿ ಸಾಕಾಗ್ತದ, ಭಾರ ಬಿದ್ರ ಸಾಲಲ್ಲ. ಭಾರದ್ದೇನೂ ತಪ್ಪಿಲ್ರಿ. ದಾರಿ ಬಂದ್ ಆಗೇದ."

ಮೂರು ವಾರ ಸಿಗದ ಉತ್ತರ ಐದು ನಿಮಿಷದಲ್ಲಿ ಸಿಕ್ಕಿತು. ಚಾಚಾ ರೇಡಿಯೇಟರ್ ಬಿಚ್ಚಿ ಕೆಳಗಿಟ್ಟು, ಬೆಂಕಿ ಹಿಡಿದು ಮೇಲಿನ ಬೆಸುಗೆ ಬಿಡಿಸಿ ತಗಡನ್ನು ಎತ್ತಿದ. ಒಳಗಿನ ಸಣ್ಣ ಕೊಳವೆಗಳ ಬಾಯಿಯೆಲ್ಲ ಹಳದಿ ಕೆಸರು. ಒಂದು ಕಡ್ಡಿಯಿಂದ ಅದನ್ನು ಗೋರಿ ನೆಲಕ್ಕೆ ಹಾಕಿದ, ಮತ್ತೆ ಗೋರಿದ. ಅಂಗಡಿಯಲ್ಲಿದ್ದ ನಾಲ್ಕಾರು ಜನ ಸುತ್ತ ಬಂದು ನಿಂತರು.

"ಎಷ್ಟು ಹಾಕಿದ್ರಿ?"

"ಒಂದು ಮುಟಿಗಿ," ಎಂದ ಅಪ್ಪ.

"ಒಂದು ಮುಟಿಗಿ ಅಲ್ರಿ ಸಾಹೇಬ್ರ. ಇಷ್ಟು ಅರಿಶಿನದಾಗ ಎರಡು ಲಗ್ನ ಆಗ್ತಾವ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವನು ತಿರುಗಿ ಅವ್ವನನ್ನು ನೋಡಿದ. ಅರಿಶಿನದ ಡಬ್ಬಿ ಇರುವುದು ಅವಳ ಕೈಯಲ್ಲಿ, ಮತ್ತಾರನ್ನು ನೋಡುತ್ತಾನೆ? ಅವ್ವ ನನ್ನನ್ನು ನೋಡಿದಳು. ಮುಖವನ್ನಲ್ಲ, ಕೈಯನ್ನು. ನನ್ನ ಬಲಗೈಯ ಉಗುರುಗಳು ಹಳದಿಯಾಗಿದ್ದವು. ನಾನು ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡೆ. ಅವಳು ನೋಡುತ್ತಿದ್ದಾಗಲೇ ಮುಚ್ಚಿಕೊಂಡೆ.

"ನಾನೇ ಹಾಕೇನ್ರಿ," ಎಂದಳು ಅವ್ವ. "ದಿನಾ ಸ್ವಲ್ಪ ಹಾಕಿದ್ರ ಛಲೋ ಅಂತ ತಿಳಕೊಂಡಿದ್ದೆ."

ಈಗ ಅಪ್ಪನಿಗೂ ನಗು ಬಂತು. ಬೈದಿದ್ದರೆ ಚೆನ್ನಾಗಿತ್ತು.

"ಕೇಳ್ರಿ ಚಾಚಾ, ಮೂರು ವಾರ ನಾ ಇಂಜಿನ್ ಬಿಚ್ಚಾಕತ್ತೇನಿ, ಇಕಿ ಗಾಡಿಗೆ ಒಗ್ಗರಣಿ ಹಾಕಾಕತ್ತಾಳ! ಏ ಬೇ, ಮುಂದಿನ ವರ್ಷ ನೀ ಮಟಕ್ಯಾಗೇ ಇರು. ಗಾಡಿಗೂ ಸುಖ, ನನಗೂ ಸುಖ."

ಹೊಟ್ಟೆ ಹಿಡಿದುಕೊಂಡು ನಕ್ಕರು ಜನ. ಅವ್ವನೂ ಸೆರಗಿನ ಅಂಚು ಬಾಯಿಗೆ ಒತ್ತಿಕೊಂಡು ನಕ್ಕಳು. ಇಷ್ಟು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ. ಆ ಗುಂಪಿನ ನಡುವೆ, ಎಲ್ಲರೂ ನಗುತ್ತಿದ್ದಾರೆಂದು, ನಾನೂ ನಕ್ಕಿದ್ದೆ.

ತಮಾಷೆಗೆ ಅಂದನೆಂದು ತಿಳಿದಿದ್ದೆ. ಆದರೆ ಮುಂದಿನ ಬೇಸಿಗೆಗೆ ಅಪ್ಪ ನಿಜವಾಗಿಯೂ ಅವ್ವನನ್ನು ಬಿಟ್ಟೇ ಹೊರಟ. ಆಯಿಗೆ ಖುಷಿ, ಮನೆಗೆ ಎರಡು ಕೈ ಹೆಚ್ಚಾದವು. ಅವ್ವ ಒಮ್ಮೆ ಕೇಳಿದ್ದಳಂತೆ, ಈ ಸಲ ಗಾಡಿಯ ಹತ್ತಿರವೂ ಸುಳಿಯುವುದಿಲ್ಲ, ಬರುತ್ತೇನೆ ಎಂದು. ಅವಳು ಹಾಗೆ ಕೇಳಿದ್ದನ್ನೂ ಅಪ್ಪ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿ ನಗಿಸಿದ. ನನ್ನನ್ನು ಕರೆದೊಯ್ದ. ರೊಟ್ಟಿ ಬಡಿಯಲು ಅಷ್ಟೊತ್ತಿಗೆ ಕಲಿತಿದ್ದೆ. ಹೊರಡುವ ದಿನ ಅವ್ವ ಸೊಂಟದಿಂದ ಕೀಲಿಕೈ ತೆಗೆದು ನನಗೆ ಕೊಟ್ಟಳು.

"ಕಿಟಕಿ ಹಾಕ್ಕೋ. ಸ್ಟವ್ ಹತ್ತಿರ ತಗಡು ಕಾಯ್ತದ, ಬೆನ್ನು ಹಚ್ಚಬ್ಯಾಡ."

ಆ ಕೀಲಿಕೈಯನ್ನು ಲಂಗದ ಲಾಡಿಗೆ ಕಟ್ಟಿಕೊಂಡು ನಾನು ಮುಂದಿನ ಸೀಟಿನಲ್ಲಿ ಕುಳಿತೆ. ಅಳು ಬಂತು ಎಂದು ಬರೆಯಬಹುದು, ಆದರೆ ಬರಲಿಲ್ಲ. ನನಗೆ ಸಂತೋಷವಾಗಿತ್ತು. ಏರು ಬಂದರೂ ಜೀಪು ನಿಲ್ಲದೆ ಹತ್ತಿತು. ಕೊಟ್ಟಿಗೆಯಲ್ಲಿಟ್ಟ ಬೀಸುವ ಕಲ್ಲನ್ನು, ಅಟ್ಟದ ಟ್ರಂಕನ್ನು ಆ ವರ್ಷ ಹುಡುಕಿ ತಂದು ಎಡಗಡೆ ಇಟ್ಟೆವು. ಅವ್ವನ ಸಾಮಾನೆಲ್ಲ ಮನೆಗೆ ತಿರುಗಿ ಬಂದವು, ಅವ್ವ ಬರಲಿಲ್ಲ. ಅಫಜಲಪುರ, ಜೇವರ್ಗಿ, ಯಡ್ರಾಮಿ, ಇಜೇರಿ ಎಲ್ಲ ತಿರುಗಿ ಮಳೆಗಾಲಕ್ಕೆ ಮಟಕಿಗೆ ಬಂದಾಗ ಅವಳು ಮೊದಲು ಕೇಳಿದ್ದು ನನ್ನ ಬಗ್ಗೆ ಅಲ್ಲ.

"ಮನಿ ಹ್ಯಾಂಗದ?"

"ಕಿಟಕಿ ಕೆಳಗ ತುಕ್ಕು ಹಿಡದದ," ಎಂದೆ.

ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಹೋಗಿ ಕಿಟಕಿಯ ಕೆಳಗಿನ ತಗಡನ್ನು ಮುಟ್ಟಿ ನೋಡಿದಳು. ಒಳಗಿನಿಂದ ಆಯಿ ಕೂಗಿದಳು. ಅವಳು ಹೋದಳು. ಇನ್ನೂ ಮೂರು ಬೇಸಿಗೆ ಹೀಗೆಯೇ ನಡೆಯಿತು. ಆಮೇಲೆ ಅಪ್ಪ ಆಳಂದದಲ್ಲಿ ಅಂಗಡಿ ಹಾಕಿದ, ಕೋಣೆಯನ್ನು ಕೋಳಿ ಸಾಕುವವರು ಯಾರೋ ತೆಗೆದುಕೊಂಡು ಹೋದರು. ಅವ್ವ ಅದರೊಳಗೆ ಮತ್ತೆ ಕಾಲಿಡಲೇ ಇಲ್ಲ.

ಒಗ್ಗರಣೆಯ ಕಥೆ ಮಾತ್ರ ಉಳಿಯಿತು. ಮದುವೆ, ತೊಟ್ಟಿಲು, ಮನೆ ಪ್ರವೇಶ, ಎಲ್ಲಿ ನಾಲ್ಕು ಜನ ಕೂಡಿದರೂ ಅಪ್ಪ ಅದನ್ನು ಹೇಳುತ್ತಾನೆ. ಹೇಳುವುದರಲ್ಲಿ ಅವನು ಜಾಣ. ಚಾಚಾನ ದನಿ, ಕಡ್ಡಿಯಿಂದ ಗೋರುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಾನೆ. ವರ್ಷ ಕಳೆದಂತೆ ಕಥೆಗೆ ಸಾಸಿವೆ, ಕರಿಬೇವು ಕೂಡ ಸೇರಿವೆ. ನಾನು ಕಲಬುರಗಿಗೆ ಓದಲು ಹೋದೆ, ಅಲ್ಲೇ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದೆ. ಉಷ್ಣದ ಪಾಠ ಮಾಡುವಾಗ ಮಕ್ಕಳಿಗೆ ರೇಡಿಯೇಟರಿನ ಚಿತ್ರ ಬರೆದು ತೋರಿಸುತ್ತೇನೆ, ನೀರಿನ ದಾರಿ ಕಟ್ಟಿದರೆ ಏನಾಗುತ್ತದೆಂದು ಹೇಳುತ್ತೇನೆ, ಯಾರು ಕಟ್ಟಿದರೆಂದು ಹೇಳುವುದಿಲ್ಲ. ಪ್ರತಿ ಸಲ ಅಪ್ಪ ಕಥೆ ಶುರುಮಾಡಿದಾಗಲೂ ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ. ಕಥೆ ಮುಗಿದುಹೋಗುತ್ತದೆ.

ಈಗ ಕೆಲವು ತಿಂಗಳ ಹಿಂದೆ ನನ್ನ ಮಗಳ ಸಂಬಂಧದ ಮಾತುಕತೆಗೆ ಬೀಗರು ಅಪ್ಪ ಅವ್ವ ಈಗಿರುವ ಆಳಂದದ ಮನೆಗೆ ಬರುವವರಿದ್ದರು. ಹಿರಿಯರು ಅಲ್ಲಿದ್ದಾರೆ, ಮಾತು ಅಲ್ಲೇ ಆಗಲಿ ಎಂದು ನಾನೇ ಹೇಳಿದ್ದೆ. ಬೆಳಿಗ್ಗೆ ಅವ್ವನೂ ನಾನೂ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದೆವು. ಬೀಗರ ಮುಂದೆಯೂ ಅಪ್ಪ ಆ ಕಥೆ ಹೇಳುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಷ್ಟು ವರ್ಷಗಳ ಮೇಲೆ, ಕೈ ಹೂರಣದಲ್ಲಿರುವಾಗ, ಅವಳ ಮುಖ ನೋಡದೆ ಹೇಳಿದೆ.

"ಅವ್ವಾ, ಆ ಅರಿಶಿನ ಹಾಕಿದ್ದು ನಾನು."

"ನನಗ ಗೊತ್ತಿಲ್ದ ಸಂಗತೇನು ಇದು? ನನಗ್ಯಾಕ ಹೇಳ್ತಿ? ಹೇಳೋದಿದ್ರ ನಿಮ್ಮಪ್ಪಗ ಹೇಳು."

"ಈಗ ಹೇಳಿದ್ರ ಏನಾಗ್ತದವ್ವಾ?"

"ಏನೂ ಆಗೂದಿಲ್ಲ." ಅವಳು ರುಬ್ಬುವುದನ್ನು ನಿಲ್ಲಿಸಿದಳು. "ಆ ಮಾತು ಹೇಳೋದು ನಿಲ್ಲಸ್ತಾರ. ಅಷ್ಟಾದ್ರ ಸಾಕು ನನಗ."

ಅಷ್ಟೇ ಅವಳು ಕೇಳಿದ್ದು. ಈ ಜನ್ಮದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದರೆ ಅದೊಂದೇ.

ಮಧ್ಯಾಹ್ನ ಊಟವಾಗಿ ಬೀಗರು ಪಡಸಾಲೆಯಲ್ಲಿ ಕುಳಿತಿದ್ದರು. ಮಾತು ಬಹುತೇಕ ಕುದುರಿತ್ತು. ಚಹಾ ಬಂತು. ಅಪ್ಪ ಲೋಡಿಗೆ ಒರಗಿ, ನಮ್ಮಾಕಿ ಒಮ್ಮೆ ಏನ ಮಾಡಿದ್ಲು ಗೊತ್ತದೇನ್ರಿ ಎಂದು ಶುರುಮಾಡಿದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಚಾಚಾನ ಅಂಗಡಿಯತನಕ ಬಂದಾಗ ನಾನು ಬಾಯಿ ಹಾಕಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

"ಅಪ್ಪಾ, ಅರಿಶಿನ ಹಾಕಿದ್ದು ಅವ್ವ ಅಲ್ಲ. ನಾನು. ದಿನಾ ನಾನೇ ಹಾಕ್ತಿದ್ದೆ. ಅವ್ವ ನನ್ನ ಸಲುವಾಗಿ ತನ್ನ ಮ್ಯಾಲ ಹಾಕ್ಕೊಂಡ್ಲು."

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. ಅವನ ಕಣ್ಣು ತುಂಬಿಕೊಂಡವು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೀಗರ ಕಡೆಗೆ ತಿರುಗಿದ.

"ನೋಡಿದ್ರ್ಯಾ ಬೀಗರ? ತಾಯಿ ಮ್ಯಾಲ ಒಂದು ಮಾತು ಬಂದ್ರ ನನ್ನ ಮಗಳು ತಡಕೊಳ್ಳೂದಿಲ್ಲ. ತಪ್ಪು ತನ್ನ ಮ್ಯಾಲ ಎಳಕೋತಾಳ. ಸಣ್ಣಾಕಿ ಇದ್ದಾಗಿಂದ ಹಿಂಗೇ. ಇಂಥಾಕಿ ಮಗಳು ನಿಮ್ಮ ಮನಿಗೆ ಬರಾಕತ್ತಾಳ."

"ಅಲ್ಲಪ್ಪಾ, ಖರೇನೇ ನಾನೇ..."

"ಆತು ತಾಯಿ, ಆತು. ನೀನೇ." ಅಪ್ಪ ನನ್ನ ತಲೆ ಸವರಿದ.

ಬೀಗಿತ್ತಿ ಕಣ್ಣೊರೆಸಿಕೊಂಡಳು. ಇಂಥ ಮಗಳನ್ನ ಪಡೀಬೇಕಂದ್ರ ಪುಣ್ಯ ಬೇಕ್ರಿ ಎಂದಳು. ಎಲ್ಲರೂ ಹೌದು ಹೌದೆಂದರು. ಅಪ್ಪ ಗಂಟಲು ಸರಿಮಾಡಿಕೊಂಡು, ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಕಥೆಯನ್ನು ಮತ್ತೆ ಎತ್ತಿಕೊಂಡ. ಕಡ್ಡಿಯಿಂದ ಗೋರಿದ್ದು, ಎರಡು ಲಗ್ನದ ಮಾತು, ಒಗ್ಗರಣೆ. ಬೀಗರು ಬಿದ್ದು ಬಿದ್ದು ನಕ್ಕರು.

ಅವ್ವ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಹಿಂದೆ ಹೋದೆ. ಅವಳು ನಳದ ಕೆಳಗೆ ಕಪ್ಪು ತೊಳೆಯುತ್ತಿದ್ದಳು. ಇನ್ನೊಮ್ಮೆ ಹೇಳುತ್ತೇನೆ, ಅಪ್ಪ ಒಬ್ಬನೇ ಇದ್ದಾಗ ಕೂರಿಸಿಕೊಂಡು ಸರಿಯಾಗಿ ಹೇಳುತ್ತೇನೆ ಎಂದೆ. ಅವಳು ತಿರುಗಿ ನೋಡಲಿಲ್ಲ.

"ಬ್ಯಾಡ. ಇನ್ನ ಆ ಮಾತು ಎತ್ತಬ್ಯಾಡ," ಎಂದಳು. "ಬೀಗಿತ್ತಿ ಮನಸ್ಸಿಗೆ ಬಂದೀದಿ ನೀ. ಹುಡುಗೀಗೆ ಅನುಕೂಲ ಆಗ್ತದ."